ಚಿಲ್ಲರೆ ಕಟ್ಟು ಕೊಟ್ಟು ಹೋದವರಿಗೆ ಒಂದು ಬಹಿರಂಗ ಪತ್ರ

ಚಿಲ್ಲರೆ ಕಟ್ಟು ಕೊಟ್ಟು ಹೋದವರೇ,

ನಿಮ್ಮ ಹೆಸರು, ವಿಳಾಸ ಸಿಕ್ಕಿದ್ದರೆ ಈ ಪತ್ರವನ್ನು ಅಂಚೆಗೆ ಹಾಕುತ್ತಿದ್ದೆ. ಸಿಗದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಿಮ್ಮ ಕಟ್ಟನ್ನು ನಂಬಿ ತೆಗೆದುಕೊಳ್ಳುವವರು ಓದಲಿ, ರಾತ್ರಿ ಆ ಕಟ್ಟಿನ ಲೆಕ್ಕ ಕೇಳುವ ಮಾಲೀಕರು ಓದಲಿ, ಸಾಲಿನಲ್ಲಿ ನಿಂತು ಗಡಿಯಾರ ನೋಡುವ ನನ್ನಂಥ ಗಿರಾಕಿಗಳೂ ಓದಲಿ.

ನೀವು ಬರುವುದು ಸಂಜೆ ಹೊತ್ತು. ಮಾಗಡಿ ರಸ್ತೆಯಲ್ಲಿ ಬಸ್ಸುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ವಿಜಯನಗರದ ಮೆಟ್ರೊ ನಿಲ್ದಾಣದಿಂದ ಇಳಿದವರು ತರಕಾರಿ, ಹೂವು, ಹಾಲು ಕೊಂಡು ಮನೆ ಸೇರುವ ತರಾತುರಿಯಲ್ಲಿರುತ್ತಾರೆ. ನವರಂಗ್ ಕಡೆಯ ಬೇಕರಿಯಲ್ಲಿ ಪಫ್ಸ್ ತಟ್ಟೆ ಹೊರಬಂದಿರುತ್ತದೆ. ಬಸವೇಶ್ವರನಗರದ ದರ್ಶಿನಿಯಲ್ಲಿ ಟೋಕನ್ ಕೊಡುವವನ ಮುಂದೆ ಏಳೆಂಟು ಕೈಗಳು ಒಟ್ಟಿಗೆ ಚಾಚಿರುತ್ತವೆ. ಆಗ ನೀವು ಬದಿಯಿಂದ ಬಂದು ಮೆಲ್ಲಗೆ ಕೇಳುತ್ತೀರಿ: ‘ಚಿಲ್ರೆ ಬೇಕಾ ಮೇಡಂ? ಐನೂರಕ್ಕಿದೆ.’

ಬೇಕೇ ಎಂದು ಕೇಳಬೇಕೇ? ಬೆಂಗಳೂರಿನ ಯಾವ ಅಂಗಡಿಗೆ ಚಿಲ್ಲರೆ ಬೇಡ? ನೀವು ಚೀಲದಿಂದ ತೆಗೆದು ಕೌಂಟರಿನ ಮೇಲೆ ಸಾಲಾಗಿ ಜೋಡಿಸುತ್ತೀರಿ. ಹತ್ತು ರೂಪಾಯಿಯ ಹತ್ತು ನಾಣ್ಯ ಸೇರಿಸಿ ಸೆಲ್ಲೋಟೇಪ್ ಸುತ್ತಿದ ಕಟ್ಟುಗಳು, ಎರಡು ರೂಪಾಯಿಯ ಐವತ್ತು ನಾಣ್ಯ ಹಳೇ ಪೇಪರಿನಲ್ಲಿ ಉರುಳೆ ಮಾಡಿದ ಕಟ್ಟುಗಳು. ಎಲ್ಲದರ ಎರಡೂ ತುದಿಯಲ್ಲಿ ಒಳ್ಳೆಯ ನಾಣ್ಯ ಕಾಣುತ್ತದೆ. ‘ಎಣಿಸಿಯೇ ಕಟ್ಟಿದ್ದೀನಿ, ನೂರು ನೂರಿದೆ’ ಎನ್ನುತ್ತೀರಿ. ಹಿಂದಿನವರು ‘ಬೇಗ ಆಗಲಿ’ ಎನ್ನುತ್ತಾರೆ. ಗಲ್ಲಾದ ಹುಡುಗಿ ಐನೂರರ ನೋಟು ತೆಗೆದು ಕೊಡುತ್ತಾಳೆ. ನೀವು ಬಸ್ಸು ಹಿಡಿಯುತ್ತೀರಿ.

ಅವಳು ಏಕೆ ಮೋಸ ಹೋಗುತ್ತಾಳೆ ಎಂದು ಗಲ್ಲಾ ಕಾಣದವರು ಸುಲಭವಾಗಿ ಕೇಳಿಬಿಡುತ್ತಾರೆ. ಕಣ್ಣಿಲ್ಲವೇ, ಕೈಯಲ್ಲಿ ತೂಗಿದರೆ ತಿಳಿಯದೇ? ಅವರಿಗಾಗಿ ನಿಮ್ಮ ಕಟ್ಟನ್ನು ಇಲ್ಲಿ ಬಿಚ್ಚುತ್ತೇನೆ.

ನಮ್ಮ ನಾಣ್ಯಗಳ ಅಳತೆ ಕಳೆದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಹಲವು ಸಲ ಬದಲಾಗಿದೆ, ಹಳೆಯವು ಹೊಸವು ಎಲ್ಲ ಒಟ್ಟಿಗೆ ಓಡಾಡುತ್ತಿವೆ. 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. 2007ರಲ್ಲಿ ಹೆಬ್ಬೆರಳು ಎತ್ತಿದ ಕೈಯ ಚಿತ್ರ ಬಂದಾಗಲೂ ಅದರ ಅಳತೆ ಅದೇ ಉಳಿಯಿತು. 2011ರಲ್ಲಿ ರೂಪಾಯಿಯ ಹೊಸ ಚಿಹ್ನೆಯೊಂದಿಗೆ ಎರಡು ರೂಪಾಯಿಯ ನಾಣ್ಯ ಬಂತು. ಅದರ ಅಗಲ 25 ಮಿಲಿಮೀಟರ್, ತೂಕ 4.85 ಗ್ರಾಂ! ಅಂದರೆ ಹಳೆಯ ಒಂದು ರೂಪಾಯಿಯೂ 2011ರ ಎರಡು ರೂಪಾಯಿಯೂ ಅಗಲದಲ್ಲಿ, ತೂಕದಲ್ಲಿ ಒಂದೇ. ಐವತ್ತರ ಕಟ್ಟಿನ ಎರಡು ತುದಿಗೆ ಎರಡೆರಡು ನಿಜವಾದ ಎರಡು ರೂಪಾಯಿ ಇಟ್ಟು, ನಡುವೆ ನಲವತ್ತಾರು ಒಂದು ರೂಪಾಯಿ ತುಂಬಿದರೆ ಅದರ ಬೆಲೆ 54 ರೂಪಾಯಿ. ನೀವು ತೆಗೆದುಕೊಳ್ಳುವುದು 100. ಅವಳು ಅದನ್ನು ಕೈಯಲ್ಲಿ ತೂಗಲಿ, ದಿನಸಿ ಅಂಗಡಿಯ ತಕ್ಕಡಿಯಲ್ಲೇ ಇಡಲಿ, 242.5 ಗ್ರಾಂ ಇರಬೇಕು, ಅಷ್ಟೇ ಇರುತ್ತದೆ. ಕಟ್ಟನ್ನು ಒಡೆಯದ ಹೊರತು ಅದು ಸಿಕ್ಕಿಬೀಳುವುದಿಲ್ಲ.

ಹತ್ತರ ಕಟ್ಟಿನಲ್ಲಿ ಲಾಭ ಇನ್ನೂ ಹೆಚ್ಚು. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. 2007ರಲ್ಲಿ ಬಂದ, ಎರಡು ಬೆರಳು ತೋರಿಸುವ ಎರಡು ರೂಪಾಯಿಯದೂ 27. ತುದಿಗೆ ಎರಡು ಹತ್ತು, ನಡುವೆ ಎಂಟು ಎರಡು: ಒಟ್ಟು 36 ರೂಪಾಯಿ. ತೂಕದಲ್ಲಿ ಇಲ್ಲಿ ಸುಮಾರು 17 ಗ್ರಾಂ ವ್ಯತ್ಯಾಸ ಬರುತ್ತದೆ ನಿಜ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದು ಕೈಯಲ್ಲಿ ಸ್ಕ್ಯಾನರು ಹಿಡಿದವರಿಗೆ 17 ಗ್ರಾಂ ತಿಳಿಯುತ್ತದೆಯೇ? ಕೆಲವರು ನಾಣ್ಯದ ಬದಲು ಗುಜರಿಯ ಕಬ್ಬಿಣದ ವಾಷರನ್ನೇ ನಡುವೆ ತುಂಬುತ್ತಾರೆ. ರಾಜಾಜಿನಗರದ ಕೈಗಾರಿಕಾ ವಸಾಹತು ಇರುವ ಊರಿನಲ್ಲಿ ವಾಷರಿಗೇನು ಬರ.

ಇದು ನಮ್ಮ ಊರಿನಲ್ಲೇ ಹುಟ್ಟಿದ ವಿದ್ಯೆಯಲ್ಲ. ಅಮೆರಿಕದಲ್ಲಿ ಕಾಲು ಡಾಲರಿನ ನಲವತ್ತು ನಾಣ್ಯಗಳನ್ನು ಕಾಗದದ ಕೊಳವೆಯಲ್ಲಿ ಸುತ್ತಿ ಹತ್ತು ಡಾಲರ್ ಎಂದು ಕೊಡುವುದು ಎಷ್ಟೋ ಕಾಲದ ರೂಢಿ. ಆ ರೂಢಿಯಷ್ಟೇ ಹಳೆಯದು ತುದಿಗೆ ಒಳ್ಳೆಯದಿಟ್ಟು ನಡುವೆ ಕಸ ತುಂಬುವ ಚಾಳಿ. ಅಲ್ಲಿಯದೇ 1973ರ ‘ಪೇಪರ್ ಮೂನ್’ ಎಂಬ ಚಿತ್ರದಲ್ಲಿ ಅಂಗಡಿಯ ಕ್ಯಾಶಿಯರನ್ನು ಮಾತಿನಲ್ಲಿ ಗೊಂದಲಗೊಳಿಸಿ ನೋಟು ಬದಲಾಯಿಸುವ ಆಟವಿದೆ. ಪ್ರೇಕ್ಷಕರು ಮೋಸಗಾರನ ಜಾಣತನಕ್ಕೆ ನಗುತ್ತಾರೆ. ನಾನೂ ನಕ್ಕಿದ್ದೇನೆ. ಆ ಕ್ಯಾಶಿಯರ್ ಸಂಜೆ ಏನು ಮಾಡಿದಳೆಂದು ಚಿತ್ರ ತೋರಿಸುವುದಿಲ್ಲ. ನಿಮ್ಮ ಕತೆಯಲ್ಲಿ ಆ ಭಾಗವನ್ನು ನಾನು ಹೇಳಬೇಕಾಗಿದೆ.

ನನ್ನ ತಂಗಿಯ ಮಗಳು ಪಿಯುಸಿ ಮುಗಿಸಿ ವಿಜಯನಗರದ ಒಂದು ಅಂಗಡಿಯಲ್ಲಿ ಬಿಲ್ಲಿಂಗಿಗೆ ಸೇರಿದಳು. ತಾವರೆಕೆರೆಯಿಂದ ಬೆಳಿಗ್ಗೆ ಬಸ್ಸು ಹತ್ತುತ್ತಾಳೆ, ರಾತ್ರಿ ಷಟರ್ ಎಳೆದ ಮೇಲೆ ಗಲ್ಲಾ ಟ್ಯಾಲಿ ಮಾಡಿ ಹೊರಡುತ್ತಾಳೆ. ಒಂದು ರಾತ್ರಿ ನಮ್ಮ ಮನೆಗೇ ಬಂದಳು. ಊಟಕ್ಕೆ ಕೂತವಳು ಅನ್ನ ಕಲಸುತ್ತಲೇ ಇದ್ದಳು, ಬಾಯಿಗೆ ಇಡಲಿಲ್ಲ. ಕೇಳಿದ್ದಕ್ಕೆ, ‘ದೊಡ್ಡಮ್ಮ, ಇವತ್ತು ಕ್ಯಾಶ್ ಶಾರ್ಟ್ ಬಂತು. ಕಟ್ಟು ಒಡೆದಾಗ ಒಳಗೆ ಬರೀ ಒಂದು ರೂಪಾಯಿ. ಮ್ಯಾನೇಜರ್ ಸಂಬಳದಲ್ಲಿ ಹಿಡೀತೀನಿ ಅಂದ್ರು’ ಎಂದಳು. ಹಣಕ್ಕಿಂತ ಅವಳನ್ನು ಹೆಚ್ಚು ಕುಗ್ಗಿಸಿದ್ದು ಇನ್ನೊಂದು ಮಾತು. ಎಲ್ಲರೆದುರು ಅವರು, ‘ನಿಜವಾಗ್ಲೂ ಕಟ್ಟಲ್ಲೇ ಹೋಯ್ತಾ, ಇಲ್ಲ ಬೇರೆ ಎಲ್ಲಾದ್ರೂ ಹೋಯ್ತಾ?’ ಎಂದು ಕೇಳಿದ್ದರು.

ನಿಮಗೆ ಈ ಮಾತು ಮುಟ್ಟಬೇಕು. ದೊಡ್ಡ ಅಂಗಡಿಯಿಂದ ಇನ್ನೂರು ರೂಪಾಯಿ ಹೋದರೆ ಏನಾಗುತ್ತದೆ, ಮಾಲೀಕ ಬಡವನಾಗುತ್ತಾನೆಯೇ ಎಂದು ನೀವು ನಿಮಗೇ ಹೇಳಿಕೊಂಡಿರಬಹುದು. ಆ ಇನ್ನೂರು ಮಾಲೀಕನ ಜೇಬಿನಿಂದ ಹೋಗುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತು ದುಡಿಯುವ ಒಬ್ಬಳ ಕೂಲಿಯಿಂದ ಹೋಗುತ್ತದೆ. ಅದರ ಜೊತೆಗೆ ಅವಳು ಕಳ್ಳಿಯೇ ಎಂಬ ಪ್ರಶ್ನೆಯೂ ಅವಳ ಪಾಲಿಗೆ ಬರುತ್ತದೆ. ಅಂಗಡಿಯಲ್ಲಿ ಎಲ್ಲರಿಗಿಂತ ಕಡಿಮೆ ಇರುವವರಿಂದಲೇ ನೀವು ತೆಗೆದುಕೊಂಡಿದ್ದೀರಿ.

ನಿಮ್ಮ ಕಡೆಯ ವಾದವೂ ನನಗೆ ಗೊತ್ತು, ಅದನ್ನು ಪೂರ್ತಿ ತಳ್ಳಿಹಾಕಲಾರೆ. ಅಂಗಡಿಯವರು ಗಿರಾಕಿಗಳಿಗೆ ವರ್ಷಗಟ್ಟಲೆ ಚಿಲ್ಲರೆ ಕೊಟ್ಟಿಲ್ಲ. ಮೂರು ರೂಪಾಯಿ ಬಾಕಿಗೆ ಮೂರು ಚಾಕೊಲೇಟ್ ಕೈಗಿಟ್ಟು ಮುಖ ತಿರುಗಿಸಿದ್ದಾರೆ. ಅದೇ ಚಾಕೊಲೇಟನ್ನು ನಾಳೆ ನಾವು ವಾಪಸು ಕೊಟ್ಟರೆ ತೆಗೆದುಕೊಳ್ಳುತ್ತಾರೆಯೇ? ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ನಾಲ್ಕು ರೂಪಾಯಿ ಎಷ್ಟು ಜನ ಇಳಿಯುವಾಗ ಕೇಳಿ ಪಡೆದಿದ್ದೇವೆ? ನಮ್ಮೆಲ್ಲರ ಚಿಲ್ಲರೆ ಹೀಗೆ ಎಲ್ಲೆಲ್ಲೋ ಉಳಿದುಹೋಗಿದೆ. ಅದು ಅನ್ಯಾಯವೇ. ಆದರೆ ಆ ಅನ್ಯಾಯ ಮಾಡಿದವರ ಹತ್ತಿರ ನೀವು ಹೋಗಲಿಲ್ಲ. ಅವರನ್ನು ಕೇಳಲು ಧೈರ್ಯ ಬೇಕು. ಗಲ್ಲಾದ ಹುಡುಗಿಯನ್ನು ಕೇಳಲು ಧೈರ್ಯ ಬೇಕಾಗಿಲ್ಲ.

ಇನ್ನು ಈ ಕಟ್ಟುಗಳಿಗೆ ಇಷ್ಟು ಬೇಡಿಕೆ ಏಕೆ ಎಂಬುದನ್ನು ಹೇಳದಿದ್ದರೆ ನಿಮ್ಮೊಬ್ಬರ ಮೇಲೆ ಎಲ್ಲ ಹೊರಿಸಿದಂತಾಗುತ್ತದೆ.

ನಾಣ್ಯ ಅಚ್ಚಾಗುವುದು ಮುಂಬೈ, ಕೋಲ್ಕತ್ತ, ಹೈದರಾಬಾದ್, ನೊಯಿಡಾದ ಟಂಕಸಾಲೆಗಳಲ್ಲಿ. ಅಲ್ಲಿಂದ ರಿಸರ್ವ್ ಬ್ಯಾಂಕಿಗೆ, ಅಲ್ಲಿಂದ ಬ್ಯಾಂಕುಗಳಿಗೆ ಚೀಲಗಳಲ್ಲಿ ಬರುತ್ತದೆ. ಜನರಿಗೆ ನಾಣ್ಯ ಹಂಚಿದ್ದಕ್ಕೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಚೀಲಕ್ಕೆ ಇಷ್ಟೆಂದು ಪ್ರೋತ್ಸಾಹಧನ ಕೊಡುತ್ತದೆ. 2021ರ ಸೆಪ್ಟೆಂಬರಿನಿಂದ ಅದನ್ನು 25 ರೂಪಾಯಿಯಿಂದ 65ಕ್ಕೆ ಏರಿಸಲಾಯಿತು. ಹಾಗಿದ್ದೂ ಸಣ್ಣ ಅಂಗಡಿಯವರು ಬ್ಯಾಂಕಿಗೆ ಹೋಗಿ ಚಿಲ್ಲರೆ ಕೇಳಿದರೆ ‘ಇವತ್ತಿಲ್ಲ, ನಾಳೆ ಬನ್ನಿ’ ಎಂಬ ಉತ್ತರ ಸಿಗುವುದೇ ಹೆಚ್ಚು. ಅಂಗಡಿ ಬಿಟ್ಟು ದಿನಾ ಬ್ಯಾಂಕಿನ ಸಾಲಿನಲ್ಲಿ ನಿಲ್ಲಲು ಅವರಿಗೆ ಆಗುತ್ತದೆಯೇ? ಆದ್ದರಿಂದ ನೂರಕ್ಕೆ ಇಷ್ಟು ಎಂದು ಕಮಿಷನ್ ಕೊಟ್ಟು ಚಿಲ್ಲರೆ ಕೊಳ್ಳುತ್ತಾರೆ. ಹಣ ಕೊಟ್ಟು ಹಣವನ್ನೇ ಕೊಳ್ಳುವ ಈ ಬೀದಿ ವ್ಯಾಪಾರದಲ್ಲಿ ಪ್ರಾಮಾಣಿಕವಾಗಿ ಎಣಿಸಿ ಕಟ್ಟಿಕೊಡುವವರು ಬೇಕಾದಷ್ಟು ಜನರಿದ್ದಾರೆ. ದೇವಸ್ಥಾನದ ಮುಂದೆ ಕೂರುವವರು, ಪಾರ್ಕಿಂಗಿನವರು, ಹೂವಿನವರು ದಿನದ ಚಿಲ್ಲರೆಯನ್ನು ಹೀಗೆಯೇ ನೋಟು ಮಾಡಿಕೊಳ್ಳುತ್ತಾರೆ. ನಿಮ್ಮಿಂದಾಗಿ ಈಗ ಅವರ ಕಟ್ಟನ್ನೂ ಅನುಮಾನದಿಂದ ನೋಡುವಂತಾಗಿದೆ.

ಹತ್ತು ರೂಪಾಯಿ ನಾಣ್ಯದ ಕತೆ ಇನ್ನೂ ಬೇಸರದ್ದು. 2009ರಲ್ಲಿ ಚಲಾವಣೆಗೆ ಬಂದ ನಾಣ್ಯ ಅದು. ನಕಲಿ ಬಂದಿದೆ, ಹತ್ತು ಗೆರೆ ಇದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂಬ ಗಾಳಿಮಾತು ಹಬ್ಬಿ ನಮ್ಮ ಬೆಂಗಳೂರಿನಲ್ಲೂ ಸುತ್ತಲಿನ ಊರುಗಳಲ್ಲೂ ಅಂಗಡಿ, ಆಟೊ, ಬಸ್ಸುಗಳಲ್ಲಿ ಅದನ್ನು ಬೇಡವೆಂದವರು ಅಷ್ಟಿಷ್ಟಲ್ಲ. 2018ರ ಜನವರಿ 17ರಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿತು: ಹತ್ತು ರೂಪಾಯಿ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಹದಿನಾಲ್ಕೂ ಸಿಂಧು. 14440ಕ್ಕೆ ಕರೆ ಮಾಡಿದರೆ ಅದನ್ನೇ ತಿಳಿಸುವ ಏರ್ಪಾಡೂ ಆಯಿತು. ಅಷ್ಟಾದರೂ ಅನುಮಾನ ಪೂರ್ತಿ ಹೋಗಲಿಲ್ಲ. ಒಳ್ಳೆಯ ಹತ್ತು ರೂಪಾಯಿಯನ್ನು ಬೇಡ ಎಂದ ಅಂಗಡಿಯೇ ಸಂಜೆ ನಿಮ್ಮಿಂದ ಟೇಪು ಸುತ್ತಿದ ಕಟ್ಟನ್ನು ಎಣಿಸದೆ ಕೊಳ್ಳುತ್ತದೆ.

2025ರ ಜುಲೈ ನೆನಪಿದೆಯೇ? ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ವರ್ಷಕ್ಕೆ 40 ಲಕ್ಷ ದಾಟಿದ ಸರಕಿನ ವಹಿವಾಟಿಗೆ ಜಿಎಸ್‌ಟಿ ನೋಂದಣಿ ಬೇಕೆಂಬುದು ಎಷ್ಟೋ ಕಾಂಡಿಮೆಂಟ್ಸ್, ಬೇಕರಿಗಳವರಿಗೆ ಅಂದೇ ಗೊತ್ತಾಗಿದ್ದು. ಊರಿಡೀ ಕ್ಯೂಆರ್ ಕೋಡಿನ ಹಲಗೆಗಳು ಒಳಗೆ ಹೋದವು, ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಹೊರಗೆ ಬಂದವು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆದು ಮಾತಾಡಿದ ಮೇಲೆ ಬಿಸಿ ಇಳಿಯಿತು. ಆ ದಿನಗಳಲ್ಲಿ ಗಲ್ಲಾ ತುಂಬ ನೋಟೇ ನೋಟು, ಚಿಲ್ಲರೆಗೆ ಮಾತ್ರ ಪರದಾಟ. ಫೋನ್ ತೋರಿಸಿ ಹಣ ಕೊಡುವ ಕಾಲದಲ್ಲೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಮೊದಲ ಬಾರಿಗೆ ರಾಶಿ ನಾಣ್ಯ ಎಣಿಸಿದ್ದು ಆಗ. ಕಟ್ಟು ಹಿಡಿದು ಬರುವವರಿಗೆ ಅದಕ್ಕಿಂತ ಒಳ್ಳೆಯ ಸುಗ್ಗಿ ಇನ್ನೇನು ಬೇಕು?

ಯುಪಿಐ ಇದ್ದರೆ ಮೋಸವಿಲ್ಲ ಎಂದೂ ಅಲ್ಲ. ಹಳೆಯ ಪಾವತಿಯ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರು, ಹಸಿರು ಗುರುತು ಮೂಡಿಸುವ ನಕಲಿ ಆ್ಯಪ್ ಇಟ್ಟುಕೊಂಡವರು ನಿಮ್ಮ ದಾಯಾದಿಗಳೇ. ಅದಕ್ಕೆ ಅಂಗಡಿಗಳು ಹಣ ಬಂದಾಗ ಮಾತಾಡುವ ಪೆಟ್ಟಿಗೆ ತಂದಿಟ್ಟವು. ನಾಣ್ಯದ ಕಟ್ಟಿಗೆ ಅಂಥ ಪೆಟ್ಟಿಗೆ ಇಲ್ಲ.

ನೋಟು ಬದಲಾಯಿಸುವ ಆಟವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಕಟ್ಟು ತರುವವರೇ ಬಹಳ ಸಲ ಇದನ್ನೂ ಆಡುತ್ತಾರೆ. ಇಪ್ಪತ್ತರ ಬಿಸ್ಕತ್ತಿಗೆ ಐನೂರು ಕೊಟ್ಟು 480 ತೆಗೆದುಕೊಳ್ಳುವುದು. ತಕ್ಷಣ, ‘ಅಯ್ಯೋ, ಇಪ್ಪತ್ತು ಇಲ್ಲೇ ಇತ್ತು ನೋಡಿ, ನನ್ನ ಐನೂರು ಕೊಟ್ಬಿಡಿ’ ಎನ್ನುವುದು. ಅವಳು ಐನೂರು ಕೊಟ್ಟ ಮೇಲೆ ಇಪ್ಪತ್ತು ಸೇರಿಸಿ ಕಂತೆ ವಾಪಸು ಮಾಡುವಾಗ ಅದರಲ್ಲಿ ಒಂದು ನೂರು ಇರುವುದಿಲ್ಲ. ಎಣಿಸಿ ಕಂಡುಹಿಡಿಯುವಷ್ಟರಲ್ಲಿ ಮಾತು ಬದಲಾಗಿರುತ್ತದೆ, ಹಾಲಿನ ಪ್ಯಾಕೆಟ್ಟಿನ ದರ ಕೇಳುತ್ತಿರುತ್ತಾರೆ. ಇದಕ್ಕೆ ಇರುವ ಮದ್ದು ಒಂದೇ: ಅವರ ಕೈಯಿಂದ ಬರಬೇಕಾದ್ದು ಬಂದು, ಎಣಿಸಿ, ಗಲ್ಲಾದೊಳಗೆ ಹೋಗುವ ತನಕ ಗಲ್ಲಾದಿಂದ ಏನೂ ಹೊರಗೆ ಹೋಗಬಾರದು.

ಈಗ ಅಂಗಡಿ ಮಾಲೀಕರೇ, ನಿಮಗೆ ಕೆಲವು ಮಾತು. ಈ ಪತ್ರ ಬರೆಯಲು ಕೂತಾಗ ಮೋಸಗಾರರ ಮೇಲಿದ್ದ ಸಿಟ್ಟು, ಬರೆಯುತ್ತಾ ನಿಮ್ಮ ಕಡೆಗೂ ತಿರುಗಿದೆ.

ಗಲ್ಲಾದಲ್ಲಿ ಹಣ ಕಡಿಮೆ ಬಂದರೆ ಸಂಬಳದಲ್ಲಿ ಹಿಡಿಯುವುದು ನಿಮ್ಮ ಮನೆಯ ಕಾನೂನು. ದೇಶದ ಕಾನೂನು ಬೇರೆ ಇದೆ. 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು: ನೌಕರ ಲೆಕ್ಕ ಕೊಡಬೇಕಾದ ಹಣ ಕಡಿಮೆಯಾದರೆ, ಆ ನಷ್ಟ ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಹಿಡಿಯಬಹುದು. ನಷ್ಟಕ್ಕಿಂತ ಒಂದು ಪೈಸೆ ಹೆಚ್ಚು ಹಿಡಿಯಬಾರದು. ಹಿಡಿಯುವ ಮುಂಚೆ ನೌಕರನಿಗೆ ತನ್ನ ಕಡೆಯ ಮಾತು ಹೇಳಲು ಅವಕಾಶ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಈ ರಕ್ಷಣೆ ಉಳಿದಿದೆ, ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟಬಾರದೆಂಬ ಮಿತಿಯೂ ಇದೆ. ರಾತ್ರಿ ಒಂಬತ್ತೂವರೆಗೆ ಎಲ್ಲರೆದುರು ನಿಲ್ಲಿಸಿ ಗದರಿಸುವುದು ಅವಳ ಮಾತು ಕೇಳಿದಂತಾಗುವುದಿಲ್ಲ.

ನಿರ್ಲಕ್ಷ್ಯ ಎಂದಿರಲ್ಲವೇ, ಅದನ್ನೂ ಸ್ವಲ್ಪ ವಿಚಾರಿಸೋಣ. ಸಂಜೆಯ ಗದ್ದಲಕ್ಕೆ ಒಂದೇ ಕೌಂಟರ್ ತೆರೆದಿಟ್ಟವರು ಯಾರು? ‘ಸಾಲು ಉದ್ದ ಆಗ್ತಿದೆ, ಬೇಗ ಬೇಗ’ ಎಂದು ಹಿಂದಿನಿಂದ ಕೂಗುವವರು ಯಾರು? ‘ಚಿಲ್ಲರೆ ಯಾರು ತಂದ್ರೂ ಇಸ್ಕೋ, ಬಿಡಬೇಡ’ ಎಂದು ಬೆಳಿಗ್ಗೆ ಹೇಳಿದವರು ಯಾರು? ಕಟ್ಟನ್ನು ಒಡೆದು ಎಣಿಸಲು ಬೇಕಾದ ಎರಡು ನಿಮಿಷವನ್ನು ನೀವು ಅವಳಿಗೆ ಕೊಟ್ಟಿಲ್ಲ. ಕೊಡದ ಸಮಯದ ನಷ್ಟವನ್ನು ಅವಳಿಂದ ವಸೂಲಿ ಮಾಡುವುದು ಸರಿಯಲ್ಲ. ಸರಕು ಒಡೆದಾಗ, ಇಲಿ ಅಕ್ಕಿ ತಿಂದಾಗ ಅದನ್ನು ವ್ಯಾಪಾರದ ನಷ್ಟವೆಂದು ಬರೆದುಕೊಳ್ಳುತ್ತೀರಿ. ವಂಚಕನ ಕಟ್ಟೂ ಅದೇ ಖಾತೆಗೆ ಹೋಗಬೇಕು.

ನೀವು ಮಾಡಬಹುದಾದದ್ದು ದೊಡ್ಡದೇನಲ್ಲ. ಹೊರಗಿನವರಿಂದ ಚಿಲ್ಲರೆ ಕೊಳ್ಳುವುದಾದರೆ ನೀವೇ ಕೊಳ್ಳಿ, ಗಿರಾಕಿಗಳಿಲ್ಲದ ಹೊತ್ತು ಗೊತ್ತುಮಾಡಿ, ಟೇಪು ಬಿಡಿಸಿ, ಎಣಿಸಿ ಹಣ ಕೊಡಿ. ನಾಣ್ಯ ಸಿಂಧು, ಬೇಡವೆನ್ನುವಂತಿಲ್ಲ ಎಂದು ಯಾರಾದರೂ ಜೋರು ಮಾಡಿದರೆ ಹೆದರಬೇಡಿ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲಿನ ನಾಣ್ಯಗಳು ಸಾವಿರ ರೂಪಾಯಿವರೆಗಿನ ಪಾವತಿಗೆ ಸಿಂಧು. ಆ ಕಾಯ್ದೆ ಮಾತಾಡುವುದು ನಾಣ್ಯದ ಬಗ್ಗೆ, ಟೇಪು ಸುತ್ತಿದ ಉರುಳೆಯ ಬಗ್ಗೆ ಅಲ್ಲ. ಒಡೆದು ನೋಡುವ ಹಕ್ಕು ತೆಗೆದುಕೊಳ್ಳುವವರಿಗೆ ಯಾವಾಗಲೂ ಇದೆ. ಒಡೆಯಬೇಡಿ ಎನ್ನುವವರಿಂದ ಕೊಳ್ಳಲೇಬೇಡಿ.

ಬ್ಯಾಂಕಿನವರೂ ಕೇಳಿಸಿಕೊಳ್ಳಬೇಕು. ಎಲ್ಲ ಶಾಖೆಗಳೂ ಜನರಿಂದ ನಾಣ್ಯ ತೆಗೆದುಕೊಳ್ಳಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಒಂದು, ಎರಡು ರೂಪಾಯಿಯವನ್ನು ತೂಕ ಮಾಡಿ ತೆಗೆದುಕೊಳ್ಳಬಹುದು, ನೂರು ನೂರರ ಪಾಲಿಥೀನ್ ಚೀಲಗಳಲ್ಲಿ ತಂದರೆ ಇಬ್ಬರಿಗೂ ಅನುಕೂಲ ಎಂದು ಅದರಲ್ಲೇ ಬರೆದಿದೆ. ಪಾರದರ್ಶಕ ಚೀಲ! ನಮ್ಮ ಬೀದಿಯ ಚಿಲ್ಲರೆ ವ್ಯಾಪಾರಕ್ಕೆ ಅದೊಂದೇ ಸಾಕಿತ್ತು. ಒಳಗಿರುವುದೆಲ್ಲ ಕಾಣುವ ಚೀಲದಲ್ಲಿ ನಡುವೆ ಬಚ್ಚಿಡುವುದು ಕಷ್ಟ. ರಾಜಾಜಿನಗರದಿಂದ ಕೆಂಗೇರಿವರೆಗೆ ಶಾಖೆಯಿಲ್ಲದ ಬಡಾವಣೆ ಇಲ್ಲ. ವಾರಕ್ಕೆ ಒಂದು ದಿನ, ಒಂದು ಗಂಟೆ, ಸಣ್ಣ ಅಂಗಡಿಯವರಿಗೆಂದೇ ನಾಣ್ಯ ಕೊಡುವ ಕಿಟಕಿ ತೆರೆಯಿರಿ. ನಾಣ್ಯ ಮೇಳ ಎಂದು ವರ್ಷಕ್ಕೊಮ್ಮೆ ಬ್ಯಾನರ್ ಕಟ್ಟಿ ಫೋಟೊ ತೆಗೆಸುವುದಕ್ಕಿಂತ ಆ ಒಂದು ಗಂಟೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಂಗಡಿಯವರಿಗೆ ಬ್ಯಾಂಕಿನಲ್ಲಿ ಚಿಲ್ಲರೆ ಸಿಕ್ಕರೆ ಬೀದಿಯ ಕಟ್ಟನ್ನು ಯಾರು ಕಣ್ಣು ಮುಚ್ಚಿ ಕೊಳ್ಳುತ್ತಾರೆ?

ಪೊಲೀಸರಿಗೆ ದೂರು ಕೊಡಬಾರದೇ ಎಂದು ಕೇಳುವವರಿದ್ದಾರೆ. ಕೊಡಬಹುದು. ವಂಚನೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ಕೆಳಗೆ ಅಪರಾಧ, ಮೊತ್ತ ಸಣ್ಣದೆಂದು ಅದು ಅಪರಾಧವಲ್ಲ ಎಂದಾಗುವುದಿಲ್ಲ. ಆದರೆ 46 ರೂಪಾಯಿಗೆ, 64 ರೂಪಾಯಿಗೆ ಅರ್ಧ ದಿನದ ರಜೆ ಹಾಕಿ ಠಾಣೆ ಮೆಟ್ಟಿಲು ಹತ್ತುವ ಹುಡುಗಿ ಯಾರಿದ್ದಾಳೆ? ಇದು ನಿಮಗೆ ಚೆನ್ನಾಗಿ ಗೊತ್ತು, ಕಟ್ಟು ತಂದವರೇ. ದೂರು ಕೊಡಲಾಗದಷ್ಟು ಚಿಕ್ಕ ಮೊತ್ತವನ್ನು ನೋಡಿಯೇ ನೀವು ತೆಗೆದುಕೊಳ್ಳುತ್ತೀರಿ. ಆದ್ದರಿಂದ ದೂರು ಮಾಲೀಕರು ಕೊಡಬೇಕು. ಅಂಗಡಿಯಲ್ಲಿ ಕ್ಯಾಮೆರಾ ಇಟ್ಟಿರುವುದು ಹುಡುಗಿಯರು ಎಷ್ಟು ಹೊತ್ತು ಕೂತರು ಎಂದು ನೋಡುವುದಕ್ಕೆ ಮಾತ್ರವೇ? ಆ ಸಂಜೆಯ ದೃಶ್ಯ ತೆಗೆದು, ಪಕ್ಕದ ನಾಲ್ಕು ಅಂಗಡಿಯವರಿಗೂ ತೋರಿಸಿ, ಒಟ್ಟಿಗೆ ಠಾಣೆಗೆ ಹೋದರೆ ನಾಲ್ಕು ಸಣ್ಣ ಮೊತ್ತ ಸೇರಿ ಒಂದು ದೊಡ್ಡ ದೂರಾಗುತ್ತದೆ.

ಗಲ್ಲಾದಲ್ಲಿ ಕೂರುವ ತಂಗಿ ತಮ್ಮಂದಿರೇ, ನಿಮಗೆ ಉಪದೇಶ ಮಾಡುವಷ್ಟು ಗಲ್ಲಾದ ಅನುಭವ ನನಗಿಲ್ಲ. ನನ್ನ ತಂಗಿಯ ಮಗಳು ಈಗ ಏನು ಮಾಡುತ್ತಾಳೆಂದು ಮಾತ್ರ ಹೇಳುತ್ತೇನೆ. ಯಾರು ಕಟ್ಟು ತಂದರೂ, ಎಷ್ಟು ಪರಿಚಯದವರಾದರೂ, ‘ಅಣ್ಣ, ಬೇಜಾರು ಮಾಡ್ಕೋಬೇಡಿ, ಒಡೆದೇ ಎಣಿಸ್ಬೇಕು’ ಎನ್ನುತ್ತಾಳೆ. ನಾಣ್ಯಗಳನ್ನು ಕೌಂಟರಿನ ಮೇಲೆ ಸುರಿದು ಹತ್ತು ಹತ್ತರ ಗುಡ್ಡೆ ಮಾಡುತ್ತಾಳೆ. ಅಂಕಿ ಮೇಲೆ ಬರುವಂತೆ ತಿರುಗಿಸಿ ಇಡುತ್ತಾಳೆ, ಏಕೆಂದರೆ ಸಿಂಹದ ಮುಖ ಎಲ್ಲ ನಾಣ್ಯಕ್ಕೂ ಒಂದೇ. ಎಣಿಕೆ ಮುಗಿದ ಮೇಲೆ ನೋಟು ತೆಗೆಯುತ್ತಾಳೆ. ನಿಜವಾಗಿ ಎಣಿಸಿ ತಂದವರು ನಗುತ್ತಾ ನಿಲ್ಲುತ್ತಾರೆ, ಎಷ್ಟೋ ಸಲ ಅವರೇ ಎಣಿಸಲು ಕೈ ಹಾಕುತ್ತಾರೆ. ಒಬ್ಬಿಬ್ಬರು ಮಾತ್ರ, ‘ನನಗೆ ಟೈಮಿಲ್ಲ, ಬೇಡ ಬಿಡಿ’ ಎಂದು ಕಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರಂತೆ.

ಕಟ್ಟು ಕೊಟ್ಟು ಹೋದವರೇ, ಕೊನೆಗೆ ಮತ್ತೆ ನಿಮ್ಮ ಹತ್ತಿರ ಬರುತ್ತೇನೆ. ನೀವೂ ಕಷ್ಟದಲ್ಲಿರಬಹುದು. ಕೆಲಸ ಹೋಗಿರಬಹುದು, ಸಾಲ ಇರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು. ಅದು ನಿಜವಾದರೆ ಆ ಕಷ್ಟದ ಬಗ್ಗೆ ನನಗೆ ಮರುಕವಿದೆ. ಆದರೂ ನೀವು ಮಾಡಿದ್ದು ಕಳ್ಳತನ, ಅದೂ ತನ್ನದನ್ನು ಕಾಯಲು ಶಕ್ತಿಯಿಲ್ಲದವರಿಂದ. ಆ ಹಣವನ್ನು ಹಿಂದಿರುಗಿಸಲು ನೀವು ತಪ್ಪೊಪ್ಪಿಗೆ ಬರೆದುಕೊಡಬೇಕಿಲ್ಲ. ಅದೇ ಅಂಗಡಿಗೆ ಹೋಗಿ, ಅದೇ ಕೌಂಟರಿನಲ್ಲಿ, ‘ಅವತ್ತು ಕಡಿಮೆ ಬಂದಿತ್ತು, ತಗೊಳ್ಳಿ’ ಎಂದು ಕೊಟ್ಟು ಬನ್ನಿ. ಅವಳ ಸಂಬಳದಿಂದ ಹಿಡಿದದ್ದು ಅವಳಿಗೆ ಸಿಗಲಿ, ಅವಳ ಮೇಲೆ ಬಂದ ಮಾತೂ ಹೋಗಲಿ.

ಇದನ್ನು ಓದುತ್ತಿರುವ ಗಿರಾಕಿಗಳಲ್ಲಿ ನನ್ನದೊಂದು ವಿನಂತಿ. ನಾಳೆ ಸಂಜೆ ನಿಮ್ಮ ಮುಂದೆ ಯಾರಾದರೂ ಚಿಲ್ಲರೆ ಕಟ್ಟು ಇಟ್ಟು, ಗಲ್ಲಾದ ಹುಡುಗಿ ಅದನ್ನು ಒಡೆದು ಎಣಿಸಲು ಶುರುಮಾಡಿದರೆ, ದಯವಿಟ್ಟು ‘ಬೇಗ ಆಗಲಿ’ ಎನ್ನಬೇಡಿ. ‘ನಿಧಾನವಾಗಿ ಎಣಿಸಮ್ಮ, ನಾವು ಕಾಯ್ತೀವಿ’ ಎನ್ನಿ.

ಇಂತಿ,
ಬಸವೇಶ್ವರನಗರದ ಒಬ್ಬ ಗಿರಾಕಿ